ಹಳಿಯ ಮೇಲೆ ಅಂತರ್ಜಾಲ

ಒಂದು ಕಾಲದಲ್ಲಿ ರೈಲುಗಾಡಿಯೇ ನಮ್ಮ ಪತ್ರಗಳನ್ನು ಹೊತ್ತೊಯ್ಯುತ್ತಿತ್ತು. ಗಾಡಿ ಹೊರಡುವ ಮುನ್ನ ಹೆಚ್ಚಿನ ಅಂಚೆಚೀಟಿ ಹಚ್ಚಿ ಆರ್‌.ಎಂ.ಎಸ್. ಡಬ್ಬಿಗೆ ಹಾಕಿದ ಪತ್ರ ನಮ್ಮ ಜೊತೆಯಲ್ಲಿಯೇ ಪ್ರಯಾಣ ಮಾಡುತ್ತಿತ್ತು. ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ನಾವೂ ಹಾಗೆ ಹಾಕಿದ್ದುಂಟು. ಇಂದಿನ ದಿನಮಾನಗಳಲ್ಲಿ ಅಂಚೆ, ಬ್ಯಾಂಕು, ಗ್ರಂಥಭಂಡಾರ ಎಲ್ಲವೂ ಪ್ರಯಾಣಿಕನ ಅಂಗೈಯಲ್ಲಿವೆ. ಆದರೆ ಗಾಡಿ ಊರು ದಾಟಿತೆಂದರೆ ಅವುಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

"ರೈಲಿನಲ್ಲಿ ವೈ-ಫೈ ಬಂದಿದೆಯಲ್ಲವೆ?" ಎಂದು ಹೋದ ಮನೆಗಳಲ್ಲಿ ನಮ್ಮನ್ನು ಕೇಳುವವರುಂಟು. ಬಂದಿರುವುದು ನಿಲ್ದಾಣಕ್ಕೆ, ಗಾಡಿಗಲ್ಲ. 2016ರ ಜನವರಿಯಲ್ಲಿ ಗೂಗಲ್ ಮತ್ತು ರೈಲ್‌ಟೆಲ್ ಸಂಸ್ಥೆಗಳು ಕೂಡಿ ಮುಂಬಯಿ ಸೆಂಟ್ರಲ್‌ನಲ್ಲಿ ಈ ಸೇವೆಯನ್ನು ಆರಂಭಿಸಿದವು. 2020ರಲ್ಲಿ ಗೂಗಲ್ ಹಿಂದೆ ಸರಿದರೂ ರೈಲ್‌ಟೆಲ್ ಅದನ್ನು ಬಿಡಲಿಲ್ಲ. ಇಂದು 6 ಸಾವಿರಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ಆ ಸೌಕರ್ಯವಿದೆ. ಎರ್ನಾಕುಲಂ ನಿಲ್ದಾಣದ ಹಮಾಲಿಯೊಬ್ಬರು ಹೊರೆ ಹೊರುತ್ತಲೇ ಕಿವಿಯಲ್ಲಿ ಪಾಠ ಕೇಳುತ್ತ, ಆ ವೈ-ಫೈಯನ್ನೇ ನೆಚ್ಚಿ ಓದಿ, 2018ರಲ್ಲಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ಪತ್ರಿಕೆಗಳಲ್ಲಿ ಓದಿ ನಾವು ಬಹಳ ಸಂತೋಷಪಟ್ಟಿದ್ದೆವು. ಕಾಯಕವೂ ನಿಲ್ಲಲಿಲ್ಲ, ಓದೂ ನಿಲ್ಲಲಿಲ್ಲ.

ಓಡುವ ಗಾಡಿಯ ಕಥೆ ಬೇರೆ. 2013ರಲ್ಲಿ ಹೌರಾ ರಾಜಧಾನಿ ಗಾಡಿಗೆ ಉಪಗ್ರಹದ ಮೂಲಕ ಅಂತರ್ಜಾಲ ಒದಗಿಸಿ ನೋಡಿದರು. ವೆಚ್ಚ ವಿಪರೀತ, ಪ್ರಯಾಣಿಕರಿಗೆ ದಕ್ಕಿದ್ದು ಅಲ್ಪ ಎಂಬ ಕಾರಣದಿಂದ ಆ ಯೋಜನೆಯನ್ನು ಕೈಬಿಟ್ಟಿರುವುದಾಗಿ ರೈಲ್ವೆ ಸಚಿವರು 2021ರಲ್ಲಿ ಲೋಕಸಭೆಗೆ ತಿಳಿಸಿದರು. ಆದ್ದರಿಂದ ಇಂದಿಗೂ ನಮಗೆ ಗತಿ ಊರೂರಿನ ಮೊಬೈಲ್ ಗೋಪುರಗಳೇ. ಗಾಡಿ ಓಡಿದಂತೆ ಒಂದು ಗೋಪುರ ಇನ್ನೊಂದಕ್ಕೆ ನಮ್ಮನ್ನು ಒಪ್ಪಿಸಬೇಕು. ಒಂದೇ ಗಾಡಿಯ ಸಾವಿರಾರು ಜನ ಒಮ್ಮೆಗೇ ಬಂದೆರಗಿದರೆ ಹೊಲದ ನಡುವಿನ ಬಡ ಗೋಪುರವೇನು ಮಾಡೀತು? ಉಕ್ಕಿನ ಡಬ್ಬಿಯು ಅಲೆಗಳನ್ನು ತಡೆಯುವುದೂ ಉಂಟು. ವಿಚಿತ್ರವೆಂದರೆ, ರೈಲ್‌ಟೆಲ್‌ನ ದ್ಯುತಿತಂತು ಹಳಿಯ ಮಗ್ಗುಲಲ್ಲಿಯೇ ಸಾವಿರಾರು ಕಿಲೋಮೀಟರು ಮಲಗಿದೆ. ಅದರ ಪಕ್ಕದಲ್ಲಿಯೇ ಓಡುವವನಿಗೆ ಅದರ ಹನಿಯೂ ಇಲ್ಲ. ಹೊಳೆಯ ದಂಡೆಯಲ್ಲಿ ಬಾಯಾರಿ ನಿಂತಂತೆ!

ಕಳೆದ ಮಳೆಗಾಲ ಯಶವಂತಪುರದಿಂದ ಕರಾವಳಿಗೆ ಹೋಗುವ ಹಗಲು ಗಾಡಿಯಲ್ಲಿ ನಮ್ಮೆದುರಿಗೆ ಹಾಸನದಲ್ಲಿ ತಂದೆ ಮಗಳು ಹತ್ತಿ ಕುಳಿತರು. ಮಗಳಿಗೆ ಕಾಲೇಜಿನಲ್ಲಿ ಸೀಟು ದೊರೆತಿತ್ತು. ಶುಲ್ಕ ಕಟ್ಟಲು ಅಂದು ಮಧ್ಯಾಹ್ನ 1 ಗಂಟೆಯೇ ಕಡೆಯ ಗಡುವು. ಹಿಂದಿನ ರಾತ್ರಿಯೆಲ್ಲ ಜಾಲತಾಣ ತೆರೆದಿರಲಿಲ್ಲವಂತೆ. "ಸುಬ್ರಹ್ಮಣ್ಯ ದಾಟಿದ ಮೇಲೆ ನಿಧಾನವಾಗಿ ಕಟ್ಟಿದರಾಯ್ತು ಗುರುಗಳೆ," ಎಂದರು ತಂದೆ.

ನಮಗೆ ಎದೆ ಧಸಕ್ಕೆಂದಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇರುವುದು ಸುಮಾರು 55 ಕಿಲೋಮೀಟರು ಮಾತ್ರ. ಆದರೆ ಆ ಘಟ್ಟದಲ್ಲಿ 57 ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು, ಇಕ್ಕೆಲದಲ್ಲಿ ಕಾಡು. ಗಾಡಿ ತೆವಳುತ್ತ ಇಳಿಯಲು ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಗಡುವು ಸುರಂಗದೊಳಗೇ ಮುಗಿದುಹೋಗುತ್ತಿತ್ತು. "ಈಗಲೇ ಕಟ್ಟಿಬಿಡಮ್ಮ, ಘಟ್ಟ ಶುರುವಾದರೆ ಏನೂ ಸಿಗದು," ಎಂದು ಹುಡುಗಿಗೆ ಹೇಳಿದೆವು.

ಆಕೆಯ ಮೊಬೈಲಿಗೆ ಜಾಲ ಸಿಕ್ಕಿತು. ಬ್ಯಾಂಕಿನ ಒಟಿಪಿ ಬರಬೇಕಾದ ತಂದೆಯ ಮೊಬೈಲಿಗೆ ಸಿಗಲಿಲ್ಲ. ಅದು ಬೇರೆ ಕಂಪನಿಯ ಸಿಮ್ಮು. ತಂದೆ ಬಾಗಿಲಿಗೆ ಹೋಗಿ ಕೈ ಹೊರಚಾಚಿ ನಿಂತರು, ನಾವು ಗದರಿ ಒಳಕ್ಕೆ ಕರೆದೆವು. ಸಕಲೇಶಪುರದಲ್ಲಿ ಗಾಡಿ ನಿಂತೊಡನೆ ಎರಡು ಸಂಖ್ಯೆಗಳು ಒಟ್ಟಿಗೆ ಬಂದವು, ಎರಡೂ ಅವಧಿ ಮೀರಿದವು. ಹುಡುಗಿಯ ಬೆರಳು ನಡುಗುತ್ತಿತ್ತು. ಅಷ್ಟರಲ್ಲಿ ಅವಳ ಜಾಲವೂ ಹೋಯಿತು. ಮೇಲಿನ ಬರ್ತಿನಲ್ಲಿ ಮಲಗಿದ್ದ, ರಜೆಯ ಮೇಲೆ ಊರಿಗೆ ಹೊರಟಿದ್ದ ಯೋಧನೊಬ್ಬ ಕೆಳಗಿಳಿದು, "ನನ್ನ ಹಾಟ್‌ಸ್ಪಾಟ್ ಹಿಡಿ ತಂಗಿ," ಎಂದು ತನ್ನ ಮೊಬೈಲನ್ನು ಅವಳ ಮಗ್ಗುಲಲ್ಲಿ ಇಟ್ಟ. ಮೂರನೆಯ ಒಟಿಪಿಗೆ ಹಣ ಸಂದಾಯವಾಯಿತು. ರಸೀತಿ ಇಳಿಸಿಕೊಂಡ ಕೆಲವೇ ನಿಮಿಷಗಳಲ್ಲಿ ಗಾಡಿ ಕದಲಿತು. ತಂದೆ ಮೊದಲು ಬುತ್ತಿ ಬಿಚ್ಚಿ ಯೋಧನಿಗೆ ರೊಟ್ಟಿ ಕೊಟ್ಟರು, ಆಮೇಲೆ ನಮಗೆ.

ಘಟ್ಟದ ಹಾದಿ ಹಿಡಿಯುವ ಬಂಧುಗಳು ಟಿಕೆಟು, ವಿಳಾಸ, ಮಕ್ಕಳ ದಾಖಲೆಗಳನ್ನು ಮನೆಯಲ್ಲಿಯೇ ಮೊಬೈಲಿಗೆ ಇಳಿಸಿಟ್ಟುಕೊಳ್ಳಲಿ. ಜೊತೆಗಾರರ ಸಿಮ್ಮು ಬೇರೆ ಬೇರೆ ಕಂಪನಿಯದಾದರೆ ಒಳ್ಳೆಯದು. ನಿಲ್ದಾಣದ ವೈ-ಫೈ ಮೊದಲ ಅರ್ಧ ಗಂಟೆ ಉಚಿತ. ಆದರೆ ಅದಕ್ಕೂ ಮೊಬೈಲಿಗೊಂದು ಒಟಿಪಿ ಬರಲೇಬೇಕು. ಅದರ ಮೇಲೆ ಬ್ಯಾಂಕಿನ ವ್ಯವಹಾರ ಮಾಡದಿರುವುದೇ ಲೇಸು.