ದುರ್ಗದ ಕಿಂಡಿ, ಕಾರಿನ ಕಿಂಡಿ

ಚಿತ್ರದುರ್ಗದ ಕೋಟೆಗೆ ಬಂದ ಮಕ್ಕಳು ಕೇಳುವ ಮೊದಲ ಪ್ರಶ್ನೆ, ‘ಓಬವ್ವನ ಕಿಂಡಿ ಎಲ್ಲಿ?’ ಎಂಬುದು. ಏಳು ಸುತ್ತಿನ ಗೋಡೆ, ಬುರುಜು, ಬತೇರಿಗಳೆಲ್ಲ ಆಮೇಲೆ. ಬಂಡೆಗಳ ನಡುವೆ ಒಬ್ಬರು ಬಗ್ಗಿ ನುಸುಳಬಹುದಾದಷ್ಟೇ ಸಂದು ಅದು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಅದರೊಳಗೆ ತಲೆ ತೂರಿಸಿದಾಗ ಕಾವಲುಗಾರ ಮುದ್ದಹನುಮನ ಹೆಂಡತಿ ಒನಕೆ ಹಿಡಿದು ನಿಂತಳೆಂಬ ಕಥೆ ನಾಡಿಗೇ ಗೊತ್ತು. ಕಿಂಡಿ ಇದ್ದ ಕಡೆ ಕಾವಲೂ ಇರಬೇಕು ಎಂಬುದು ದುರ್ಗದವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಆದರೂ ಈಚೆಗೆ ದುರ್ಗದ ಕುಟುಂಬವೊಂದು ಈ ಮಾತನ್ನು ಬೇರೊಂದು ಕಿಂಡಿಯಿಂದ ಮತ್ತೆ ಕಲಿಯಬೇಕಾಯಿತು. ಅದು ಅವರು ಕೊಂಡ ಹಳೆಯ ಕಾರಿನ ಛಾವಣಿಯಲ್ಲಿದ್ದ ಗಾಜಿನ ಕಿಂಡಿ. ಎಲ್ಲರೂ ಸನ್‌ರೂಫ್ ಎಂದು ಕರೆಯುವಂಥದು. 2014ರ ಹೋಂಡಾ ಸಿಟಿ, 2015ರ ಮಹೀಂದ್ರ ಎಕ್ಸ್‌ಯುವಿ 500, 2018ರ ಹ್ಯುಂಡೈ ಕ್ರೇಟಾ ಮೊದಲಾದ ಕಾರುಗಳ ಮೇಲ್ದರ್ಜೆಯ ಮಾದರಿಗಳಲ್ಲಿ ಬಂದ ಈ ಸೌಕರ್ಯ ಈಗ ಎರಡನೆಯ, ಮೂರನೆಯ ಕೈಗೆ ಮಾರಾಟವಾಗಿ ತಾಲ್ಲೂಕು ಊರುಗಳನ್ನೂ ತಲುಪಿದೆ. ಕೊಳ್ಳುವಾಗ ಮಕ್ಕಳ ಕಣ್ಣು ಮೊದಲು ಬೀಳುವುದೇ ಅದರ ಮೇಲೆ. ಈ ಮನೆಯ ಕಿರಿಯ ಮಗನೂ ಅದನ್ನು ನೋಡಿಯೇ ಕಾರನ್ನು ಒಪ್ಪಿದ್ದ. ಆದರೆ ಕಿಂಡಿ ತೆರೆಯುತ್ತಿರಲಿಲ್ಲ. ‘ಅದೊಂದು ಬಿಟ್ಟರೆ ಎಲ್ಲ ಸರಿಯಿದೆ’ ಎಂದು ಮಾರಿದವರು ಹೇಳಿದ್ದರು.

ಬ್ರೇಕು ಹಾಕಿದಾಗ ಬಿದ್ದ ನೀರು

ದಸರಾ ರಜೆ. ಹೊಳಲ್ಕೆರೆ ನೋಡಿಕೊಂಡು, ಹೊಸದುರ್ಗ ತಾಲ್ಲೂಕಿನ ಹಳ್ಳಿಯಲ್ಲಿರುವ ಅಜ್ಜಿಯ ಮನೆಯಲ್ಲಿ ಒಂದು ರಾತ್ರಿ ಉಳಿದು, ಹಿರಿಯೂರಿನ ಮಾರಿಕಣಿವೆಯ ಮೇಲೆ ಹಾದು ಮನೆ ಸೇರುವುದೆಂದು ನಿಶ್ಚಯವಾಗಿತ್ತು. ಹಿಂದಿನ ರಾತ್ರಿ ಚಿತ್ತಾ ಮಳೆ ಜೋರಾಗಿ ಹೊಡೆದಿತ್ತು. ಬೆಳಿಗ್ಗೆ ಕೋಟೆಯ ಕಡೆಯಿಂದ ಇಳಿಜಾರಿನಲ್ಲಿ ಬರುವಾಗ ಅಪ್ಪ ಬ್ರೇಕು ಹಾಕಿದರು. ಮುಂದಿನ ಸೀಟಿನಲ್ಲಿದ್ದ ಒಂಬತ್ತನೇ ತರಗತಿಯ ಮಗಳ ತೊಡೆಯ ಮೇಲೆ ದೀಪದ ಸಂದಿನಿಂದ ಒಂದು ಲೋಟದಷ್ಟು ನೀರು ಸುರಿಯಿತು.

‘ಅಪ್ಪಾ, ಮಳೆ ನಿಂತು ಎಷ್ಟು ಹೊತ್ತಾಯಿತು! ಈಗೆಲ್ಲಿಂದ ಬಂತು ಈ ನೀರು?’

ಪ್ರಶ್ನೆ ಸರಿಯಾಗಿಯೇ ಇತ್ತು. ನೀರು ಆಗ ಬಂದದ್ದಲ್ಲ, ರಾತ್ರಿಯೇ ಬಂದು ಛಾವಣಿಯೊಳಗೆ ಎಲ್ಲೋ ನಿಂತದ್ದು. ಕಾರು ನಿಂತಿತು, ನೀರು ಜಡತ್ವದಿಂದ ಮುಂದಕ್ಕೆ ನುಗ್ಗಿತು. ಪಾಠದಲ್ಲಿ ಓದಿದ ನ್ಯೂಟನ್ನನ ಮೊದಲನೆಯ ನಿಯಮ ಮಗಳ ಲಂಗವನ್ನು ತೋಯಿಸಿತ್ತು.

ಅಮ್ಮನಿಗೆ ಚಿಂತೆ ಹತ್ತಿತು. ಹಿಂದಿನ ವಾರವಷ್ಟೇ ಒಂದು ಕಡೆ ತೋರಿಸಿದಾಗ, ‘ಇಡೀ ಸನ್‌ರೂಫನ್ನೇ ಬದಲಿಸಬೇಕು’ ಎಂದಿದ್ದರು. ಅವರು ಹೇಳಿದ ಮೊತ್ತ ಮಗಳ ಪಿಯುಸಿಗೆಂದು ಕೂಡಿಟ್ಟ ಹಣದ ಬಹುಭಾಗವನ್ನು ನುಂಗುವಂತಿತ್ತು. ಕಾರನ್ನೇ ಮಾರಿಬಿಡೋಣ ಎಂಬವರೆಗೂ ಮನೆಯಲ್ಲಿ ಮಾತು ನಡೆದಿತ್ತು. ‘ಮಾರುವ ಮೊದಲು ಇನ್ನೊಬ್ಬರಿಗೆ ತೋರಿಸೋಣ’ ಎಂದು ಅಮ್ಮನೇ ಪಟ್ಟು ಹಿಡಿದದ್ದರಿಂದ, ಊರು ದಾಟುವ ಮೊದಲು ಕಾರು ಒಬ್ಬ ಹಿರಿಯ ಮೇಸ್ತ್ರಿಯ ಗ್ಯಾರೇಜಿನ ಮುಂದೆ ನಿಂತಿತು.

ಮೇಸ್ತ್ರಿ ಗಾಜಿನ ಅಂಚನ್ನು ಬೆರಳಿನಿಂದ ಸವರಿ ನಕ್ಕರು. ಹಿಂದಿನವರಾರೋ ಸೋರುವುದನ್ನು ನಿಲ್ಲಿಸಲು ಸುತ್ತಲೂ ಸಿಲಿಕೋನ್ ಅಂಟು ತುಂಬಿದ್ದರು. ಕಿಂಡಿ ತೆರೆಯದಿರಲು ಅದೇ ಕಾರಣ. ಅಂಟಿ ಕೂತ ಗಾಜನ್ನು ಎಳೆದೆಳೆದು ಮೋಟಾರಿನ ಫ್ಯೂಸ್ ಸುಟ್ಟಿತ್ತು. ಬಿಸಿಲಿಗೆ ಅಂಟು ಅಲ್ಲಲ್ಲಿ ಬಿರುಕುಬಿಟ್ಟು ನೀರೂ ಒಳಬರುತ್ತಿತ್ತು.

‘ನೀರು ಒಳಗೆ ಬರೋದು ತಪ್ಪಲ್ಲ ಸಾರ್. ಹೊರಗೆ ಹೋಗದೆ ನಿಲ್ಲೋದು ತಪ್ಪು’ ಎಂದರು ಮೇಸ್ತ್ರಿ.

ಈ ಮಾತನ್ನು ಪ್ರತಿಯೊಬ್ಬ ಸನ್‌ರೂಫ್ ಕಾರಿನ ಮಾಲೀಕರೂ ಗಮನಿಸಬೇಕು. ಗಾಜಿನ ಸುತ್ತಲಿನ ರಬ್ಬರು ಬೀಡಿಂಗ್ ಹೆಚ್ಚಿನ ನೀರನ್ನು ತಡೆಯುತ್ತದೆ. ಎಲ್ಲವನ್ನೂ ತಡೆಯುವುದಿಲ್ಲ, ತಡೆಯಬೇಕೆಂದು ಅದನ್ನು ಮಾಡಿಯೂ ಇಲ್ಲ. ನುಸುಳಿದ ನೀರನ್ನು ಹಿಡಿಯಲು ಗಾಜಿನ ಕೆಳಗೆ ಕಾಲುವೆಯಂಥ ತಟ್ಟೆಯಿರುತ್ತದೆ. ಅದರ ಮೂಲೆಗಳಿಂದ, ಸಾಮಾನ್ಯವಾಗಿ ನಾಲ್ಕು, ಸಣ್ಣ ಪೈಪುಗಳು ಕಾರಿನ ಕಂಬಗಳೊಳಗೆ ಇಳಿದು ಬಾಗಿಲ ಸಂದು ಅಥವಾ ಚಕ್ರದ ಬಳಿ ನೀರನ್ನು ಹೊರಬಿಡುತ್ತವೆ. ಪೈಪು ಕಟ್ಟಿಕೊಂಡರೆ ತಟ್ಟೆ ತುಂಬುತ್ತದೆ. ತುಂಬಿದ ತಟ್ಟೆ ಒಳಗೆ ಚೆಲ್ಲುತ್ತದೆ.

ಲೆಕ್ಕವೂ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಕಿಂಡಿ 80 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದವಿದ್ದರೆ ಅದರ ವಿಸ್ತಾರ 0.4 ಚದರ ಮೀಟರ್. 30 ಮಿಲಿಮೀಟರ್ ಮಳೆಗೆ ಅದರ ಮೇಲೆ ಬೀಳುವುದು 12 ಲೀಟರ್, ಅಂದರೆ ಒಂದು ಕೊಡ ನೀರು. ಅದರಲ್ಲಿ ಹತ್ತನೆಯ ಒಂದು ಪಾಲು ನುಸುಳಿದರೂ ಒಂದು ಲೀಟರಿಗೂ ಹೆಚ್ಚು.

ಮೇಸ್ತ್ರಿ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲನೆ ಬಿಡಿಸಿದರು. ಹೊಸ ಫ್ಯೂಸ್ ಹಾಕಿದರೂ ಕೂಡಲೇ ಗುಂಡಿ ಒತ್ತಲಿಲ್ಲ. ದೀಪದ ಬಳಿಯ ಮುಚ್ಚಳ ತೆಗೆದು, ಮೋಟಾರಿಗೆ ಅಲೆನ್ ಕೀ ಹಾಕಿ ಕೈಯಿಂದಲೇ ತಿರುಗಿಸಿದರು. ಗಾಜು ನರಳುತ್ತಾ ಹಿಂದೆ ಸರಿಯಿತು. ತಟ್ಟೆಯ ತುಂಬ ಕೆಂಪು ಕೆಸರು, ಬೇವಿನ ಎಲೆ, ಒಂದು ಸತ್ತ ಜೀರುಂಡೆ! ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ಈ ಜಿಲ್ಲೆಯಲ್ಲಿ ತಿಂಗಳುಗಟ್ಟಲೆ ಧೂಳು ಕೂಡುತ್ತದೆ. ಆಮೇಲೆ ಮಳೆ ಒಂದೇ ಸಲಕ್ಕೆ ಸುರಿಯುತ್ತದೆ. ಧೂಳು ಕೆಸರಾಗಿ ಪೈಪಿನ ಬಾಯಲ್ಲಿ ಕೂರುತ್ತದೆ.

ಪೈಪಿನೊಳಗೆ ಮೆತ್ತನೆಯ ನೈಲಾನ್ ದಾರ ತೂರಿಸಿ ಕೆಸರು ಬಿಡಿಸಿದ್ದಾಯಿತು. ‘ಟೈರಿಗೆ ಹೊಡೆಯುವ ಗಾಳಿ ಹೊಡೆದರೆ ಬೇಗ ಆಗುವುದಿಲ್ಲವೇ?’ ಎಂದು ಅಪ್ಪ ಕೇಳಿದರು. ಒತ್ತಡ ಹೆಚ್ಚಾದರೆ ಕಂಬದೊಳಗೆ ಪೈಪಿನ ಜೋಡಣೆ ಕಳಚುತ್ತದೆ, ಆಮೇಲೆ ಸೋರುವುದು ಕಣ್ಣಿಗೂ ಕಾಣದು ಎಂಬುದು ಮೇಸ್ತ್ರಿಯ ಉತ್ತರ. ಹಳಿಗಳನ್ನು ಒರೆಸಿ, ಅದಕ್ಕೆಂದೇ ಸಿಗುವ ಗ್ರೀಸನ್ನು ತೆಳ್ಳಗೆ ಸವರಿದರು. ಕೈಗೆ ಸಿಕ್ಕ ಎಂಜಿನ್ ಎಣ್ಣೆ ಸುರಿದರೆ ಧೂಳು ಇನ್ನಷ್ಟು ಅಂಟುತ್ತದೆ. ಪಾದದಡಿಯ ನೆಲಹಾಸನ್ನು ಎತ್ತಿದಾಗ ಅದರ ತಳ ಒದ್ದೆಯಾಗಿ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ವಿದ್ಯುತ್ ತಂತಿಗಳ ಜೋಡಣೆಗಳು, ಏರ್‌ಬ್ಯಾಗಿನವೂ ಸೇರಿ, ಸೀಟಿನ ಕೆಳಗೇ ಇರುತ್ತವೆ. ಅಲ್ಲಿ ನೀರು ನಿಂತರೆ ಅಪಾಯ. ಮೇಸ್ತ್ರಿಯ ಕೂಲಿ ಕೊಟ್ಟಾಗ ಅಮ್ಮನ ಪರ್ಸು ಹೆಚ್ಚೇನೂ ಹಗುರವಾಗಲಿಲ್ಲ.

ಬಯಲು ಗಣಪತಿಯ ಮುಂದೆ

ದುರ್ಗ ಬಿಟ್ಟು ಶಿವಮೊಗ್ಗದ ರಸ್ತೆ ಹಿಡಿದರೆ ಹೊಳಲ್ಕೆರೆ. ದಾರಿಯುದ್ದಕ್ಕೂ ಮಗಳು ಬೆಳಿಗ್ಗೆ ಕೋಟೆಯಲ್ಲಿ ಕಂಡದ್ದನ್ನೇ ಮೆಲುಕು ಹಾಕುತ್ತಿದ್ದಳು. ಅಲ್ಲಿ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಮತ್ತೆ ಊರೊಳಗಿನ ಸಂತೆ ಹೊಂಡದ ಕಡೆಗೆ. ಬಂಡೆಯ ಮೇಲೆ ಬಿದ್ದ ಮಳೆಯನ್ನು ನಾಯಕರ ಕಾಲದವರು ಎದುರು ನಿಂತು ತಡೆಯಲಿಲ್ಲ. ಅದಕ್ಕೊಂದು ದಾರಿ ಮಾಡಿಕೊಟ್ಟರು.

ಹೊಳಲ್ಕೆರೆಯ ಪ್ರಸನ್ನ ಗಣಪತಿಯದು ಸುಮಾರು ಒಂಬತ್ತು ಅಡಿ ಎತ್ತರದ ಮೂರ್ತಿ. ಬಯಲಲ್ಲಿ ನಿಂತದ್ದರಿಂದ ಬಯಲು ಗಣಪತಿ ಎಂದೇ ಹೆಸರು. ‘ಇವನಿಗೆ ಸೋರುವ ಚಿಂತೆಯೇ ಇರಲಿಲ್ಲ’ ಎಂದು ಕಿರಿಯವನು ಹೇಳಿದಾಗ ಎಲ್ಲರೂ ನಕ್ಕರು.

ಮರದ ನೆರಳಿನಿಂದ ದೂರ, ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಅಪ್ಪ ಮೇಸ್ತ್ರಿ ಹೇಳಿಕೊಟ್ಟ ಪರೀಕ್ಷೆ ಮಾಡಿದರು. ಕಿಂಡಿ ತೆರೆದು, ತಟ್ಟೆಯ ಒಂದೊಂದು ಮೂಲೆಗೂ ಅರ್ಧ ಲೋಟ ನೀರನ್ನು ನಿಧಾನವಾಗಿ ಬಿಡುವುದು. ಮಕ್ಕಳು ಕಾರಿನ ಕೆಳಗೆ ಬಗ್ಗಿ ನೋಡುವುದು. ಮೂರು ಮೂಲೆಗಳ ನೀರು ಕೂಡಲೇ ನೆಲಕ್ಕೆ ಬಿತ್ತು. ಬಲಗಡೆಯ ಹಿಂದಿನ ಮೂಲೆಯದು ಮಾತ್ರ ತೊಟ್ಟಿಕ್ಕಿತು. ದಾರವನ್ನು ಇನ್ನೊಮ್ಮೆ ಆಡಿಸಿದ ಮೇಲೆ ಅದೂ ಬಿಟ್ಟಿತು.

ಅಜ್ಜಿಯ ಬೆಳಕಿಂಡಿ

ಹೊಸದುರ್ಗದ ಕಡೆ ತೆಂಗಿನ ತೋಟಗಳ ನಡುವೆ ಅಜ್ಜಿಯದು ಹಳೆಯ ಮಾಳಿಗೆ ಮನೆ. ತೊಲೆ, ಜಂತೆ, ಅದರ ಮೇಲೆ ಮಣ್ಣು. ಅಡುಗೆಮನೆಯ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಬೆಳಕು ಬರಲು, ಹೊಗೆ ಹೋಗಲು ಅದೇ ದಾರಿ. ಮೋಡ ಕಟ್ಟಿದಾಗ ಯಾರಾದರೂ ಏಣಿ ಹತ್ತಿ ಅದರ ಮೇಲೆ ಚಪ್ಪಡಿ ಸರಿಸಬೇಕು.

ಕಾರಿನ ಕಥೆ ಕೇಳಿದ ಅಜ್ಜಿ ಕೇಳಿದ್ದು ಒಂದೇ ಮಾತು: ‘ದೋಣಿ ಕಟ್ಟಿಕೊಂಡಿತ್ತೇನೋ ಮಗಾ?’ ಮಾಳಿಗೆಯ ನೀರನ್ನು ಗೋಡೆಯಿಂದಾಚೆ ಚಾಚಿ ಬೀಳಿಸುವುದೇ ದೋಣಿ. ಮಳೆಗಾಲಕ್ಕೆ ಮೊದಲು ಅದನ್ನು ಗುಡಿಸುವುದು, ಮಾಳಿಗೆಗೆ ಹೊಸ ಚೌಳು ಮಣ್ಣು ಹಾಕಿ ತುಳಿಯುವುದು ಆ ಮನೆಯ ವಾಡಿಕೆ. ‘ಮಣ್ಣು ಎಷ್ಟು ಹಾಕಿದರೂ ದೋಣಿ ಕಟ್ಟಿದರೆ ಮಾಳಿಗೆ ಸೋರುತ್ತೆ’ ಎಂದರು ಅಜ್ಜಿ. ಅಂಟು ತುಂಬಿ ಪೈಪು ಮರೆತವರಿಗೂ ಇದೇ ಉತ್ತರ.

ಚೌಳು ಮಣ್ಣಿನಲ್ಲಿ ವಿಜ್ಞಾನವೂ ಇದೆ. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ನೆನೆದಾಗ ಆ ನುಣ್ಣನೆಯ ಕಣಗಳು ಸಂದುಗಳನ್ನೆಲ್ಲ ತುಂಬಿ ನೀರು ಇಳಿಯದಂತೆ ಮಾಡುತ್ತವೆ. ಹೊಲಕ್ಕೆ ಕೇಡಾದದ್ದು ಮಾಳಿಗೆಗೆ ರಕ್ಷೆ. ಇದೇ ತಾಲ್ಲೂಕಿನ ಮತ್ತೋಡು ಹಿಂದೆ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1800-01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಗಾಜು ಕರಗಿಸಲು ಬೇಕಾದ ಕ್ಷಾರವೂ ಚೌಳಿನಿಂದಲೇ ಬರುತ್ತಿತ್ತು. ಮಾಳಿಗೆಯೂ ಬಳೆಯೂ ಒಂದೇ ಮಣ್ಣಿನ ಋಣದಲ್ಲಿದ್ದವು.

ಕೋಡಿಯ ಬಳಿ

ಮರುದಿನ ಹಿರಿಯೂರಿನ ದಾರಿ. ಹೊಸದುರ್ಗ ತಾಲ್ಲೂಕಿನಲ್ಲಿ ಹರಿದುಬಂದ ವೇದಾವತಿ ಮಾರಿಕಣಿವೆಯ ಎರಡು ಗುಡ್ಡಗಳ ನಡುವೆ ವಾಣಿವಿಲಾಸ ಸಾಗರವಾಗಿ ನಿಲ್ಲುತ್ತದೆ. 1898ರಲ್ಲಿ ಆರಂಭಿಸಿ 1907ರಲ್ಲಿ ಮುಗಿಸಿದ ಕಲ್ಲಿನ ಅಣೆಕಟ್ಟು ಇದು. ಪೂರ್ಣಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ, 89 ವರ್ಷಗಳ ನಂತರ! 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ಅಷ್ಟು ವರ್ಷ ಹನಿ ನೀರೂ ಹರಿಯದಿದ್ದ ಕೋಡಿಯನ್ನು ‘ಹೇಗೂ ಬೇಡ’ ಎಂದು ಯಾರೂ ಗೋಡೆಯೆಬ್ಬಿಸಿ ಮುಚ್ಚಲಿಲ್ಲ. ನೀರು ಬಂದ ದಿನ ದಾರಿ ಸಿದ್ಧವಿತ್ತು.

ಈಗ ಕಿಂಡಿ ಸಲೀಸಾಗಿ ತೆರೆಯುತ್ತಿತ್ತು. ಕಿರಿಯವನು ಸೀಟಿನ ಮೇಲೆ ನಿಂತು ತಲೆ ಹೊರಹಾಕುತ್ತೇನೆಂದು ಹಟ ಹಿಡಿದ. ಅಪ್ಪ ಕಾರು ನಿಲ್ಲಿಸಿ ಅವನನ್ನು ಕೂರಿಸಿ ಬೆಲ್ಟು ಕಟ್ಟಿದರು. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಲ್ಲಿ ಹೀಗೆಯೇ ನಿಂತಿದ್ದ ಬಾಲಕನ ತಲೆ ರಸ್ತೆಗೆ ಅಡ್ಡಲಾಗಿದ್ದ ಕಬ್ಬಿಣದ ತೊಲೆಗೆ ಬಡಿದಿತ್ತು. ಗಾಳಿ, ಬೆಳಕು ಬರಲೆಂದು ಇಟ್ಟ ಕಿಂಡಿಯಲ್ಲಿ ತಲೆಗೆ ಜಾಗವಿಲ್ಲ.

ಹಿರಿಯೂರು ದಾಟಿ ಹೆದ್ದಾರಿ ಸೇರುವಾಗ ಮಳೆ ಹಿಡಿಯಿತು. ಅಪ್ಪ ಗುಂಡಿ ಒತ್ತಿದರು, ಗಾಜು ಮುಚ್ಚಿಕೊಂಡಿತು. ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣೂ ಮೇಲಿನ ದೀಪದ ಮೇಲೆ. ಒಂದು ಚಹಾ ಅಂಗಡಿಯ ಮುಂದೆ ಬ್ರೇಕು ಹಾಕಿದಾಗ ಮಗಳು ಅಭ್ಯಾಸಬಲದಿಂದ ಕಾಲು ಹಿಂದಕ್ಕೆಳೆದುಕೊಂಡಳು. ಏನೂ ಬೀಳಲಿಲ್ಲ.

ಅವಳು ಕೊಡೆ ಹಿಡಿದು ಇಳಿದು ಮುಂದಿನ ಚಕ್ರದ ಬಳಿ ಬಗ್ಗಿದಳು. ಅಲ್ಲಿ ಸಣ್ಣಗೆ, ಎಡೆಬಿಡದೆ, ನೀರು ಹರಿದು ನೆಲಕ್ಕೆ ಬೀಳುತ್ತಿತ್ತು.

‘ಅಮ್ಮಾ, ದೋಣಿ ಹರೀತಿದೆ!’ ಎಂದು ಕೂಗಿದಳು.

ಅಮ್ಮ ಕಾರು ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ. ಮನೆಗೆ ಬಂದ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಮೇ ಮತ್ತು ಸೆಪ್ಟೆಂಬರ್ ತಿಂಗಳುಗಳ ಮೊದಲ ಭಾನುವಾರಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿ, ‘ಕಾರಿನ ದೋಣಿ’ ಎಂದು ಬರೆದರು.