ಹೂವಿಗೆ ಹತ್ತಿದ ನುಸಿ

ಮನೆಯಲ್ಲಿ ಬೆಳೆದ ಗಾಂಜಾ ಗಿಡದ ಎಲೆಯ ಮೇಲೆ ರವೆ ಉದುರಿಸಿದಂತೆ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ಗೊಬ್ಬರ ಸಾಲದೆ ಹೀಗಾಗಿದೆ ಎಂದುಕೊಂಡು ಎಷ್ಟೋ ಮಂದಿ ನೀರಿಗೆ ಇನ್ನಷ್ಟು ಪೋಷಕಾಂಶ ಬೆರೆಸುತ್ತಾರೆ. ಚುಕ್ಕೆಗಳು ಮಾತ್ರ ಒಂದಕ್ಕೊಂದು ಕೂಡಿಕೊಳ್ಳುತ್ತಾ ಹೋಗಿ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ. ಆಗ ಎಲೆಯನ್ನು ಮಗುಚಿ ಭೂತಗನ್ನಡಿ ಹಿಡಿದರೆ ಕಾರಣ ಕಾಣುತ್ತದೆ: ಮಿನುಗುವ ದುಂಡನೆಯ ಮೊಟ್ಟೆಗಳು, ಕಳಚಿಬಿದ್ದ ಪೊರೆಗಳು, ಬೆನ್ನಿನ ಎರಡೂ ಪಕ್ಕ ಕಪ್ಪು ಮಚ್ಚೆ ಹೊತ್ತು ಓಡಾಡುವ ಅರ್ಧ ಮಿಲಿಮೀಟರಿನ ಜೀವಿಗಳು. ಇದೇ ಎರಡು ಚುಕ್ಕೆಯ ಜೇಡನುಸಿ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಂದು ಗಾಂಜಾ ಕಾನೂನುಬದ್ಧವಾಯಿತು. ಕೇಂದ್ರದ ಕಾಯ್ದೆ ಒಂದು ಮನೆಗೆ ನಾಲ್ಕು ಗಿಡ ಬೆಳೆಯಲು ಒಪ್ಪಿತು. ಕ್ವಿಬೆಕ್ ಪ್ರಾಂತ್ಯ ಅದಕ್ಕೂ ಒಪ್ಪಲಿಲ್ಲ. ಅಲ್ಲಿನ ನಿಷೇಧವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಭಾರತದಲ್ಲಂತೂ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಪರವಾನಗಿ ಇಲ್ಲದೆ ಗಾಂಜಾ ಬೆಳೆಯುವುದು ಅಪರಾಧ. ಹಾಗಾಗಿ ಈ ಕಥೆ ಕೆನಡಾದ ಒಂಟಾರಿಯೊದಂಥ ಕಡೆಯ ನೆಲಮಾಳಿಗೆಗಳದ್ದು. ಚಳಿಗಾಲದಲ್ಲಿ ಹೀಟರಿನ ಒಣ ಬೆಚ್ಚನೆ ಗಾಳಿ, ತಲೆಯ ಮೇಲೆ ದೀಪ, ಮಳೆಯ ಒಂದು ಹನಿಯೂ ಬೀಳದ ಎಲೆ. ನುಸಿಗೆ ಬೇಕಾದದ್ದೆಲ್ಲ ಅಲ್ಲಿದೆ.

ನುಸಿ ಕೀಟವಲ್ಲ, ಜೇಡದ ಬಳಗದ್ದು. ಬೆಳೆದದ್ದಕ್ಕೆ ಎಂಟು ಕಾಲು. ಸೂಜಿಯಂಥ ಬಾಯಿಯಿಂದ ಎಲೆಯ ಕೋಶ ಚುಚ್ಚಿ ಹಸಿರನ್ನು ಹೀರುತ್ತದೆ. ಹೀಗೆ ಖಾಲಿಯಾದ ಕೋಶಗಳೇ ಆ ಬಿಳಿ ಚುಕ್ಕೆಗಳು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆ ಒಡೆದು, ಬೆಳೆದು, ಮತ್ತೆ ಮೊಟ್ಟೆಯಿಡಲು ಹತ್ತು ದಿನವೇ ಹೆಚ್ಚು. ಕೂಡದೆಯೂ ಹೆಣ್ಣು ಮೊಟ್ಟೆಯಿಡಬಲ್ಲದು, ಆ ಮೊಟ್ಟೆಗಳಿಂದ ಗಂಡು ಮಾತ್ರ ಹುಟ್ಟುತ್ತದೆ. ಮುಂದೆ ಆ ಗಂಡಿನೊಡನೆಯೇ ಕೂಡಿ ಹೆಣ್ಣುಮರಿಗಳನ್ನೂ ಪಡೆಯಬಲ್ಲದು. ತೋಟದಿಂದ ಬಂದವರ ಅಂಗಿಗೆ ಅಂಟಿಕೊಂಡು ಒಂದೇ ಒಂದು ಹೆಣ್ಣು ಒಳಗೆ ಬಂದರೂ ಸಂಸಾರ ಶುರುವಾಯಿತೆಂದೇ ಲೆಕ್ಕ.

ಗಂಡಿಗೆ ವಂಶವಾಹಿಗಳ ಒಂದೇ ಪ್ರತಿ, ತಾಯಿಯಿಂದ ಬಂದದ್ದು. ವಿಷ ತಾಳುವ ಗುಣವೊಂದು ಅದರಲ್ಲಿದ್ದರೆ ಅದನ್ನು ಮರೆಸಲು ಇನ್ನೊಂದು ಪ್ರತಿ ಇರುವುದಿಲ್ಲ. ಆ ಗುಣವುಳ್ಳವು ಬದುಕುತ್ತವೆ, ಇಲ್ಲದವು ಸಾಯುತ್ತವೆ. ಒಂದೇ ಔಷಧಿಯನ್ನು ಪದೇ ಪದೇ ಹೊಡೆದಷ್ಟೂ ಗಟ್ಟಿ ನುಸಿಗಳ ಪೀಳಿಗೆ ಬೇಗ ತಯಾರಾಗುತ್ತದೆ. ಈ ನುಸಿಯ ಜೀನೋಮ್ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕೆಲಸದ ಮುಂದಾಳು ಮಿಯೋದ್ರಾಗ್ ಗ್ರ್ಬಿಚ್ ಇದ್ದದ್ದು ಒಂಟಾರಿಯೊದ ಲಂಡನ್ ನಗರದ ವಿಶ್ವವಿದ್ಯಾಲಯದಲ್ಲಿ. ವಿಷವನ್ನು ಜೀರ್ಣಿಸಿಕೊಳ್ಳುವ ವಂಶವಾಹಿಗಳ ದೊಡ್ಡ ದಾಸ್ತಾನೇ ಈ ಪುಟ್ಟ ಜೀವಿಯಲ್ಲಿದೆ.

ಟೊಮೆಟೊ ಆದರೆ ತೊಳೆದು ತಿನ್ನಬಹುದು, ಗುಲಾಬಿಯಾದರೆ ನೋಡಿ ಸುಮ್ಮನಾಗಬಹುದು. ಗಾಂಜಾದ ಹೂಗೊಂಚಲು ಹಾಗಲ್ಲ. ಅಂಟಂಟಾದ ಸಣ್ಣ ಗ್ರಂಥಿಗಳು ತುಂಬಿದ ಅದನ್ನು ಒಣಗಿಸಿ, ಬಹುತೇಕರು ಸುಟ್ಟು ಹೊಗೆಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತಾರೆ. ಹೂವಿಗೆ ಸಿಂಪಡಿಸಿದ ಎಣ್ಣೆ, ಗಂಧಕ, ನುಸಿನಾಶಕ ಎಲ್ಲವೂ ಆ ಅಂಟಿನಲ್ಲೇ ಉಳಿಯುತ್ತವೆ. ತಿನ್ನುವ ತರಕಾರಿಗೆ ಸುರಕ್ಷಿತ ಎಂದ ಮಾತ್ರಕ್ಕೆ ಉಸಿರಿಗೂ ಸುರಕ್ಷಿತ ಎಂದಾಗದು. ಬೇವಿನೆಣ್ಣೆಯ ವಿಷಯದಲ್ಲೂ ಇದೇ ಮಾತು, ನಮ್ಮ ಹಿತ್ತಲ ಮರದ್ದು ಎಂಬ ಪ್ರೀತಿ ಎಷ್ಟೇ ಇರಲಿ.

ಇದು ಬರೀ ಅಂಜಿಕೆಯಲ್ಲ. ವೈದ್ಯಕೀಯ ಗಾಂಜಾ ಮಾತ್ರ ಮಾರಾಟಕ್ಕಿದ್ದ ಕಾಲದಲ್ಲಿ, 2016ರ ಕೊನೆ ಮತ್ತು 2017ರ ಆರಂಭದಲ್ಲಿ, ಪರವಾನಗಿ ಪಡೆದ ಕಂಪನಿಗಳ ಸರಕನ್ನು ಕೆನಡಾದಲ್ಲಿ ವಾಪಸ್ ಪಡೆಯಬೇಕಾಯಿತು. ಅದರಲ್ಲಿ ಬೈಫೆನಜೇಟ್ ಎಂಬ ನುಸಿನಾಶಕವೂ ಮೈಕ್ಲೋಬ್ಯುಟನಿಲ್ ಎಂಬ ಶಿಲೀಂಧ್ರನಾಶಕವೂ ಸಿಕ್ಕಿದ್ದವು. ಮೈಕ್ಲೋಬ್ಯುಟನಿಲ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಹೊಮ್ಮುತ್ತದೆ. ಆ ಸರಕನ್ನು ಸೇದಿದವರಲ್ಲಿ ರೋಗಿಗಳಿದ್ದರು ಎಂಬುದೇ ಸಂಕಟದ ಸಂಗತಿ. ಮಾರಾಟದ ಗಾಂಜಾಕ್ಕೆ ಈಗ ಕೀಟನಾಶಕದ ಪರೀಕ್ಷೆ ಕಡ್ಡಾಯ. ಮನೆಯ ನಾಲ್ಕು ಗಿಡಕ್ಕೆ ಅಂಥ ಕಾವಲಿಲ್ಲ. ಬೆಳೆದವರ ಸಂಯಮವೇ ಅಲ್ಲಿ ಪರೀಕ್ಷೆ.

ಹಾಗಾದರೆ ಏನು ಮಾಡುವುದು? ಸಾಬೂನು ದ್ರಾವಣವೋ ಎಣ್ಣೆಯೋ, ಆ ಕೆಲಸವೆಲ್ಲ ಮೊಗ್ಗು ಮೂಡುವ ಮುಂಚೆಯೇ ಮುಗಿಯಬೇಕು. ಹೂ ಕಟ್ಟತೊಡಗಿದ ಮೇಲೆ ಉಳಿಯುವುದು ಕೈಕೆಲಸ. ಎಲೆಗಳ ಅಡಿಭಾಗವನ್ನು ದಿನವೂ ನೋಡುವುದು, ಹತ್ತಿದ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಹೊರಗೆ ಸಾಗಿಸುವುದು, ಗೊಂಚಲು ಇನ್ನೂ ಬಿಡಿಯಾಗಿರುವಾಗ ಬರೀ ನೀರಿನ ರಭಸದಿಂದ ಎಲೆಯ ಅಡಿಭಾಗ ತೊಳೆಯುವುದು. ನಾಲ್ಕೇ ಗಿಡವಾದ್ದರಿಂದ ಇದು ಸಾಧ್ಯ. ಕೋಣೆಯನ್ನು ತುಸು ತಂಪು ಮಾಡಿದರೆ ನುಸಿಯ ಓಟ ತಗ್ಗುತ್ತದೆ. ತೇವ ಹೆಚ್ಚಿಸಿದರೂ ತಗ್ಗುತ್ತದೆ, ಆದರೆ ಒತ್ತಾದ ಗೊಂಚಲಿನೊಳಗೆ ಬೂದು ಬೂಷ್ಟು ಹಿಡಿಯುವ ಅಪಾಯ ಆಗ ಬಾಗಿಲಲ್ಲೇ ನಿಂತಿರುತ್ತದೆ.

ಇನ್ನೊಂದು ದಾರಿ, ಬಹುಶಃ ಎಲ್ಲಕ್ಕಿಂತ ಸುಂದರವಾದದ್ದು, ನುಸಿಯ ಮೇಲೆ ನುಸಿಯನ್ನೇ ಬಿಡುವುದು. ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಕಿತ್ತಳೆ ಬಣ್ಣದ ಪರಭಕ್ಷಕ ನುಸಿ ಚಿಲಿಯಿಂದ ಬಂದ ಆರ್ಕಿಡ್ ಗಿಡಗಳ ಜೊತೆ ಅಕಸ್ಮಾತ್ತಾಗಿ ಜರ್ಮನಿ ಸೇರಿತ್ತು. ನೆದರ್ಲೆಂಡ್ಸಿನ ಸೌತೆ ಬೆಳೆಗಾರ ಯಾನ್ ಕೋಪರ್ಟ್ 1960ರ ದಶಕದ ಕೊನೆಗೆ ಅದನ್ನು ತನ್ನ ಗಾಜಿನ ಮನೆಗೆ ತಂದ. ಇಂದು ಅದು ಬಾಟಲಿಯಲ್ಲಿ ಮಾರಾಟಕ್ಕೆ ಸಿಗುತ್ತದೆ. ಜೇಡನುಸಿ ಮುಗಿದರೆ ಅದಕ್ಕೆ ಬೇರೆ ಆಹಾರವಿಲ್ಲ, ಹೂವನ್ನಂತೂ ಮುಟ್ಟದು. ಒಣ ಗಾಳಿ ಅದಕ್ಕೆ ಆಗದು. ಗೊಂಚಲಿನ ಅಂಟಿನಲ್ಲಿ ನಡೆಯಲೂ ಕಷ್ಟಪಡುತ್ತದೆ. ಆದ್ದರಿಂದ ಜೇಡನುಸಿ ನೇಯುವ ಬಲೆ ಕಾಣುವವರೆಗೆ ಕಾಯದೆ ಮೊದಲ ಚುಕ್ಕೆ ಕಂಡ ದಿನವೇ ಬಿಡಬೇಕು. ಈ ವಿದ್ಯೆಗೆ ಬೆಂಗಳೂರಿನ ಒಂದು ಎಳೆಯೂ ಸೇರಿದೆ. 1986ರಲ್ಲಿ ಲೋಕದ ನುಸಿ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮಾವೇಶ ನಡೆದದ್ದು ಇಲ್ಲೇ. ಕೃಷಿ ವಿಶ್ವವಿದ್ಯಾಲಯದ ಜಿ.ಪಿ. ಚನ್ನಬಸವಣ್ಣನವರು ನುಸಿಗಳ ಅಧ್ಯಯನಕ್ಕೆ ಇಲ್ಲಿ ಭದ್ರ ತಳಹದಿ ಹಾಕಿದ್ದರು.

ಕೊಯ್ಲು ಹತ್ತಿರವಾದಾಗ ಗೊಂಚಲಿನ ತುದಿಗೆ ಬಲೆ ಹಬ್ಬಿ, ನುಸಿಗಳು ಅಲ್ಲಿ ಮುದ್ದೆಯಾಗಿ ನೇತಾಡುತ್ತಿದ್ದರೆ ಅಂಥ ಹೂವನ್ನು ಉಳಿಸಿಕೊಳ್ಳುವ ಆಸೆ ಬಿಡುವುದೇ ಒಳ್ಳೆಯದು. ಮುಂದಿನ ಬೆಳೆಗೆ ಮುನ್ನ ಕೋಣೆಯ ಮೂಲೆ, ಬಿರುಕು, ಬಟ್ಟೆಯ ಮಡಿಕೆ ಎಲ್ಲ ಉಜ್ಜಿ ತೊಳೆಯಬೇಕು. ಗಾಂಜಾಕ್ಕೆ ಹೂ ಬರಿಸಲು ದೀಪವನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸುತ್ತಾರಲ್ಲ, ಹಗಲು ಅಷ್ಟು ಮೊಟಕಾದರೆ ಹೆಣ್ಣು ನುಸಿಗಳಲ್ಲಿ ಕೆಲವು ಚಳಿಗಾಲ ಬಂತೆಂದು ಕಿತ್ತಳೆ ಬಣ್ಣಕ್ಕೆ ತಿರುಗಿ, ಉಣ್ಣುವುದು ಬಿಟ್ಟು ಸಂದಿಯಲ್ಲಿ ಅಡಗಬಹುದು. ಪರಭಕ್ಷಕವೇ ಇರಬೇಕೆಂದು ಇವನ್ನು ಕಂಡು ಮೋಸ ಹೋಗುವವರಿದ್ದಾರೆ. ಪರಭಕ್ಷಕ ಚುರುಕಾಗಿ ಓಡುತ್ತದೆ, ಇವು ಕದಲುವುದೇ ಅಪರೂಪ. ಟೊರೊಂಟೊದ ಕನ್ನಡಿಗರು ಚಳಿಗೆ ಹೆದರಿ ಒಳಗೆ ತರುವ ಕರಿಬೇವು, ಮಲ್ಲಿಗೆ ಕುಂಡಗಳಲ್ಲೂ ಇದೇ ನುಸಿ ಬರುತ್ತದೆ. ಮನೆಯಲ್ಲಿ ಯಾರು ಏನೇ ಬೆಳೆಯಲಿ, ಹೊರಗಿನಿಂದ ಬಂದ ಕುಂಡವನ್ನು ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಎಲೆಗಳನ್ನು ಮಗುಚಿ ನೋಡಿದ ಮೇಲೆಯೇ ಉಳಿದವುಗಳ ಪಕ್ಕ ಇಡಬೇಕು.