ಕಿಸೆಗೆ ಭಾರವಾಗದ ಕೆರೆಗಳ ಊರು: ಭೋಪಾಲ

ಕೆರೆ ಅಂದರೆ ಭೋಪಾಲದ ಕೆರೆ, ಮಿಕ್ಕವೆಲ್ಲ ಬರೀ ಹೊಂಡಗಳು. ಮಧ್ಯಪ್ರದೇಶದ ರಾಜಧಾನಿಯ ಜನ ಈ ಅರ್ಥದ ಗಾದೆಯೊಂದನ್ನು ಎದೆಯುಬ್ಬಿಸಿ ಹೇಳುತ್ತಾರೆ. ಹೊರಗಿನಿಂದ ಬಂದವರಿಗೆ ಇದು ಜಂಬದ ಮಾತೆನಿಸಬಹುದು. ಆದರೆ ಸೂರ್ಯ ಮುಳುಗುವ ಹೊತ್ತಿಗೆ ‘ಬಡಾ ತಾಲಾಬ್’ ದಂಡೆಯ ಮೇಲೆ ನಿಂತವರು ಆ ಮಾತನ್ನು ತಕರಾರಿಲ್ಲದೆ ಒಪ್ಪಿಬಿಡುತ್ತಾರೆ. ತುಂಬಿದಾಗ ಸುಮಾರು 31 ಚದರ ಕಿಲೋಮೀಟರ್ ಹರಡಿಕೊಳ್ಳುವ ನೀರು, ಅದರ ಮೇಲೆ ಕೆಂಪು ಬೆಳಕು, ದಂಡೆಯ ಗೋಡೆಯ ಮೇಲೆ ಸಾಲಾಗಿ ಕುಳಿತ ಊರ ಜನ. ಇಷ್ಟನ್ನು ನೋಡಲು ಒಂದು ಪೈಸೆಯೂ ಬೇಕಾಗಿಲ್ಲ.

ರಜೆ ಹತ್ತಿರವಾದಂತೆ ಮಕ್ಕಳು ಪ್ರವಾಸದ ಮಾತೆತ್ತುತ್ತಾರೆ, ತಂದೆ-ತಾಯಿ ಖರ್ಚಿನ ಲೆಕ್ಕ ಹಾಕುತ್ತಾರೆ. ಸರೋವರದ ಊರುಗಳೆಂದರೆ ಕಿಟಕಿ ತೆರೆದರೆ ನೀರು ಕಾಣುವ ದುಬಾರಿ ಹೋಟೆಲುಗಳೇ ಅನೇಕರ ಕಣ್ಣ ಮುಂದೆ ಬರುತ್ತವೆ. ಭೋಪಾಲ ಆ ಸಾಲಿಗೆ ಸೇರಿದ ಊರಲ್ಲ. ಇಲ್ಲಿ ಕೆರೆಯ ದಂಡೆಯ ಒಳ್ಳೆಯ ಜಾಗಗಳಲ್ಲಿ ಹಲವು ವಸ್ತುಸಂಗ್ರಹಾಲಯ, ವನ್ಯಧಾಮ, ಕಲಾಭವನಗಳ ಪಾಲಾಗಿವೆ. ಅವೆಲ್ಲ ಸಾರ್ವಜನಿಕರ ಹಣದಿಂದ ಸಾರ್ವಜನಿಕರಿಗಾಗಿ ಎದ್ದು ನಿಂತವು. ಹಾಗಾಗಿಯೇ ವಿದ್ಯಾರ್ಥಿಗಳ ಕೈಗೆಟುಕುವ ಊರು ಇದು.

ನಡುರಾತ್ರಿಯ ನಿಲ್ದಾಣ

ಕನ್ನಡ ನಾಡಿನವರಿಗೆ ದಾರಿ ಸುಲಭ. ಬೆಂಗಳೂರಿನಿಂದ ಸಂಜೆ ಹೊರಡುವ ಕರ್ನಾಟಕ ಎಕ್ಸ್‌ಪ್ರೆಸ್ ದೆಹಲಿಗೆ ಹೋಗುವುದು ಭೋಪಾಲದ ಮೇಲೆಯೇ. ರೈಲು ಅಲ್ಲಿ ಸೇರುವುದು ಮರುದಿನ ನಡುರಾತ್ರಿಯ ಆಸುಪಾಸಿಗೆ. ಮಕ್ಕಳೊಂದಿಗೆ ಬಂದವರು ಆ ಹೊತ್ತಿನಲ್ಲಿ ಊರೊಳಗೆ ಅಲೆಯುವ ಬದಲು ವೇಟಿಂಗ್ ರೂಮಿನಲ್ಲಿ ಬೆಳಗು ಮಾಡುವುದು ಒಳ್ಳೆಯದು. ಕೊಠಡಿಯ ಬಾಡಿಗೆಯಲ್ಲಿ ಒಂದು ರಾತ್ರಿ ಉಳಿಯುತ್ತದೆ. ಶಾಲೆಯ ವತಿಯಿಂದ ಗುಂಪಾಗಿ ಹೊರಡುವವರು ರೈಲ್ವೆಯ ವಿದ್ಯಾರ್ಥಿ ರಿಯಾಯಿತಿಯ ಬಗ್ಗೆ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಬೆಳಗಾದ ಮೇಲೆ ಮೊದಲ ಕೆಲಸ ತಿಂಡಿ. ಬೀದಿ ಬದಿಯ ಅಂಗಡಿಗಳಲ್ಲಿ ಹಬೆಯಾಡುವ ಪೋಹಾ, ಪಕ್ಕದಲ್ಲೇ ಎಣ್ಣೆಯಿಂದೆದ್ದ ಬಿಸಿ ಜಿಲೇಬಿ. ಪೋಹಾ ಎಂದರೆ ಒಗ್ಗರಣೆ ಅವಲಕ್ಕಿಯ ಸೋದರನೇ. ಅದರ ಮೇಲೆ ಸೇವು ಉದುರಿಸಿ, ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ಖಾರ-ಸಿಹಿ ಒಟ್ಟಿಗೆ ತಿನ್ನುವುದು ಅಲ್ಲಿನ ರೂಢಿ. ಹಳೇ ಪೇಟೆಯ ಚಹಾದಲ್ಲಿ ಚಿಟಿಕೆ ಉಪ್ಪಿರುತ್ತದೆ. ‘ಸುಲೇಮಾನಿ’ ಎಂದು ಅದರ ಹೆಸರು. ಮೊದಲ ಗುಟುಕಿಗೆ ಮುಖ ಕಿವಿಚುವವರೂ ಎರಡನೆಯ ದಿನ ಅದನ್ನೇ ಕೇಳುವುದುಂಟು.

ರಾಜ ಕಟ್ಟಿಸಿದ ನೀರು

ದೊಡ್ಡ ಕೆರೆ ನಿಸರ್ಗ ಕೊಟ್ಟದ್ದಲ್ಲ. 11ನೇ ಶತಮಾನದಲ್ಲಿ ಪರಮಾರ ವಂಶದ ರಾಜಾ ಭೋಜ ಕೋಲಾಂಸ್ ನದಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿದ. ಅದರ ಹಿಂದೆ ನಿಂತ ನೀರೇ ಈ ಕೆರೆ. ರಾಜನಿಗೆ ಚರ್ಮರೋಗ ಬಂದಿತ್ತು, 365 ತೊರೆಗಳ ನೀರು ಸೇರುವ ಕೆರೆಯಲ್ಲಿ ಮಿಂದರೆ ಗುಣವಾಗುವುದೆಂದು ಸಾಧುವೊಬ್ಬ ಹೇಳಿದ ಎಂಬುದು ಜನರ ಬಾಯಲ್ಲಿರುವ ಕತೆ. 2011ರಲ್ಲಿ ಕೆರೆಗೆ ಅಧಿಕೃತವಾಗಿ ‘ಭೋಜತಾಲ’ ಎಂದು ಹೆಸರಿಟ್ಟು, ನೀರಿನಂಚಿನಲ್ಲಿ ಭೋಜನ ದೊಡ್ಡ ಪ್ರತಿಮೆ ನಿಲ್ಲಿಸಲಾಯಿತು. ಅದರ ಪಕ್ಕದ ‘ಛೋಟಾ ತಾಲಾಬ್’ ಬಹಳ ಈಚಿನದು. 1794ರಲ್ಲಿ ನವಾಬನ ಮಂತ್ರಿ ಛೋಟೇ ಖಾನ್ ಕಟ್ಟಿಸಿದ್ದು. 2002ರಲ್ಲಿ ಇವೆರಡೂ ಸೇರಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ತಾಣಗಳ ಪಟ್ಟಿಗೆ ಬಂದವು.

ಸಾವಿರ ವರ್ಷ ದಾಟಿದ ಮೇಲೂ ದೊಡ್ಡ ಕೆರೆಯ ನೀರು ಊರಿನ ಲಕ್ಷಾಂತರ ಮನೆಗಳ ನಲ್ಲಿಯಲ್ಲಿ ಬರುತ್ತದೆ. ಬೋಟ್ ಕ್ಲಬ್ಬಿನ ಕಟ್ಟೆಯ ಮೇಲೆ ಕುಳಿತ ಮಕ್ಕಳಿಗೆ ಇದನ್ನೊಂದು ಹೇಳಿದರೆ, ಕಡಲೆಕಾಯಿ ಸಿಪ್ಪೆಯನ್ನು ನೀರಿಗೆ ಎಸೆಯುವ ಕೈ ತಾನಾಗಿಯೇ ತಡೆಯುತ್ತದೆ. ಹಿಂದೆ ಇಲ್ಲಿ ಡೀಸೆಲ್ ಹೊಗೆ ಬಿಡುವ ಕ್ರೂಸ್ ದೋಣಿ ಓಡಾಡುತ್ತಿತ್ತು. ಕುಡಿಯುವ ನೀರಿನ ಕೆರೆಯಲ್ಲಿ ಯಂತ್ರದ ದೋಣಿಗಳು ಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2023ರಲ್ಲಿ ಆದೇಶ ನೀಡಿತು. ಹುಟ್ಟು ಹಾಕುವ ಅಥವಾ ಪೆಡಲ್ ತುಳಿಯುವ ದೋಣಿಯೇ ಕಿಸೆಗೂ ಹಗುರ, ಕೆರೆಗೂ ಹಗುರ.

ಬೋಟ್ ಕ್ಲಬ್ಬಿನ ದಾರಿ ಮುಗಿಯುವಲ್ಲಿ ವನವಿಹಾರ ರಾಷ್ಟ್ರೀಯ ಉದ್ಯಾನದ ಬಾಗಿಲು. ನಾಲ್ಕೂವರೆ ಚದರ ಕಿಲೋಮೀಟರಿನಷ್ಟು ಜಾಗ, ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕೆರೆ. ಸರ್ಕಸ್ಸಿನಿಂದ ಬಿಡಿಸಿ ತಂದ, ಗಾಯಗೊಂಡ, ತಾಯಿಯನ್ನು ಕಳೆದುಕೊಂಡ ಪ್ರಾಣಿಗಳಿಗೆ ಇಲ್ಲಿ ವಿಶಾಲ ಆವರಣಗಳಿವೆ. ಹುಲಿ, ಚಿರತೆ, ಕರಡಿಗಳು ತಮ್ಮ ಪಾಡಿಗೆ ತಾವಿದ್ದರೆ, ಜಿಂಕೆಗಳು ದಾರಿಯ ಪಕ್ಕದಲ್ಲೇ ಮೇಯುತ್ತವೆ. ಬೆಳಿಗ್ಗೆ ಬೇಗ ಹೋಗಿ ನಡೆದುಕೊಂಡೋ ಬಾಡಿಗೆ ಸೈಕಲ್ಲಿನ ಮೇಲೋ ಸುತ್ತುವುದು ಅಗ್ಗ. ಚಳಿಗಾಲದಲ್ಲಿ ವಲಸೆ ಹಕ್ಕಿಗಳ ನೋಟ ಬೇರೆ.

ಶ್ಯಾಮಲಾ ಗುಡ್ಡದ ಮೇಲೆ

ಕೆರೆಯನ್ನು ಮೇಲಿನಿಂದ ನೋಡುವ ಶ್ಯಾಮಲಾ ಗುಡ್ಡಕ್ಕೆ ಒಂದು ಇಡೀ ದಿನ ಮೀಸಲಿಡಬೇಕು. ಇಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಸುಮಾರು 200 ಎಕರೆಯಲ್ಲಿ ಹರಡಿದೆ. ಗಾಜಿನ ಪೆಟ್ಟಿಗೆಯೊಳಗಿನ ಬೊಂಬೆಗಳ ಬದಲು ಇಲ್ಲಿ ನಿಜವಾದ ಮನೆಗಳಿವೆ. ದೇಶದ ಬೇರೆ ಬೇರೆ ಬುಡಕಟ್ಟುಗಳ, ಕರಾವಳಿಯ, ಮರುಭೂಮಿಯ, ಹಿಮಾಲಯದ ತಪ್ಪಲಿನ ಜನರೇ ಬಂದು, ತಮ್ಮ ಊರಿನಲ್ಲಿ ಹೇಗೆ ಕಟ್ಟುತ್ತಾರೋ ಹಾಗೆಯೇ ಕಟ್ಟಿಕೊಟ್ಟ ಮನೆಗಳು. ಸಗಣಿ ಸಾರಿಸಿದ ಅಂಗಳ, ಗೋಡೆಯ ಮೇಲಿನ ಚಿತ್ತಾರ, ಒಲೆ, ಕಣಜ ಎಲ್ಲವೂ ಉಂಟು. ಆವರಣದೊಳಗಿನ ಬಂಡೆಗಳ ಮೇಲೆಯೇ ಪ್ರಾಗೈತಿಹಾಸಿಕ ಕಾಲದ ಚಿತ್ರಗಳಿವೆ. ಇದೇ ಸಂಸ್ಥೆಯ ದಕ್ಷಿಣ ವಲಯ ಕೇಂದ್ರ ಮೈಸೂರಿನ ವೆಲ್ಲಿಂಗ್ಟನ್ ಹೌಸ್‌ನಲ್ಲಿದೆ. ಹೊರಡುವ ಮುನ್ನ ಅದನ್ನು ನೋಡಿದ ಮಕ್ಕಳಿಗೆ ಇಲ್ಲಿನದು ಇನ್ನಷ್ಟು ರುಚಿಸೀತು.

ಸಮೀಪದಲ್ಲೇ ರಾಜ್ಯ ಸರ್ಕಾರದ ಬುಡಕಟ್ಟು ವಸ್ತುಸಂಗ್ರಹಾಲಯವಿದೆ. 2013ರಲ್ಲಿ ತೆರೆದ ಇದರ ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ರೇವತಿ ಕಾಮತ್ ಅವರದು. ಗೊಂಡ, ಭಿಲ್ಲ, ಬೈಗಾ ಮುಂತಾದವರ ಕತೆ, ದೈವ, ಆಟಗಳನ್ನು ಆಯಾ ಸಮುದಾಯದ ಕಲಾವಿದರೇ ಇಲ್ಲಿ ಕಟ್ಟಿ ನಿಲ್ಲಿಸಿದ್ದಾರೆ. ಅರ್ಧ ಗಂಟೆಯಲ್ಲಿ ಮುಗಿಸೋಣವೆಂದು ಒಳಹೊಕ್ಕವರು ಊಟದ ಹೊತ್ತು ಮರೆಯುತ್ತಾರೆ. ವಿಜ್ಞಾನದ ಹುಚ್ಚಿರುವ ಮಕ್ಕಳಿಗೆ ಇದೇ ಗುಡ್ಡದ ಮೇಲೆ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಇದೆ.

ಮಧ್ಯಾಹ್ನದ ನಂತರ ಭಾರತ್ ಭವನ. 1982ರಲ್ಲಿ ಆರಂಭವಾದ ಈ ಕಲಾಕೇಂದ್ರವನ್ನು ಚಾರ್ಲ್ಸ್ ಕೊರಿಯಾ ಗುಡ್ಡದ ಇಳಿಜಾರಿನೊಳಗೆ ಅಡಗಿಸಿದಂತೆ ಕಟ್ಟಿದ್ದಾರೆ. ರಸ್ತೆಯಿಂದ ಕಟ್ಟಡವೇ ಕಾಣುವುದಿಲ್ಲ. ಮೆಟ್ಟಿಲಿಳಿದಂತೆ ಅಂಗಳದ ನಂತರ ಅಂಗಳ, ಕೊನೆಗೆ ಕೆರೆ. ನಗರದ ಕಲಾವಿದರ ಚಿತ್ರಗಳಿಗೂ ಬುಡಕಟ್ಟಿನವರ ಚಿತ್ರಗಳಿಗೂ ಇಲ್ಲಿ ಸಮಾನ ಗೌರವ. ಕನ್ನಡಿಗರಿಗೆ ಈ ಅಂಗಳದಲ್ಲಿ ಇನ್ನೊಂದು ನೆನಪುಂಟು. ಇಲ್ಲಿನ ನಾಟಕ ತಂಡ ‘ರಂಗಮಂಡಲ’ವನ್ನು ಕಟ್ಟಿ ಬೆಳೆಸಿದ ಮೊದಲ ನಿರ್ದೇಶಕರು ಬಿ.ವಿ. ಕಾರಂತರು. 1980ರ ದಶಕದ ಮೊದಲ ಭಾಗದಲ್ಲಿ ಅವರು ಅಲ್ಲಿನ ಆಡುನುಡಿಗಳನ್ನೂ ಜನಪದ ಹಾಡುಗಾರಿಕೆಯನ್ನೂ ರಂಗದ ಮೇಲೆ ತಂದರು.

ಒಂದು ಎಚ್ಚರಿಕೆ: ಮಾನವ ಸಂಗ್ರಹಾಲಯ, ಬುಡಕಟ್ಟು ಸಂಗ್ರಹಾಲಯ, ಭಾರತ್ ಭವನ ಮೂರಕ್ಕೂ ಸೋಮವಾರ ರಜೆ. ಆ ದಿನವನ್ನು ಊರಾಚೆಯ ಸುತ್ತಾಟಕ್ಕೆ ಇಟ್ಟುಕೊಳ್ಳಬೇಕು.

ಬೇಗಮರ ಪೇಟೆ

ಹಳೇ ಭೋಪಾಲವನ್ನು ಕಾಲ್ನಡಿಗೆಯಲ್ಲೇ ನೋಡಬೇಕು. 1819ರಿಂದ 1926ರವರೆಗೆ, ನೂರು ವರ್ಷಕ್ಕೂ ಹೆಚ್ಚು ಕಾಲ, ಈ ಸಂಸ್ಥಾನದ ಆಡಳಿತ ಬಹುಪಾಲು ಹೆಂಗಸರ ಕೈಯಲ್ಲಿತ್ತು. ಮೊದಲನೆಯವಳು ಕುದ್ಸಿಯಾ ಬೇಗಂ. ಕೆರೆಯಂಚಿನ ಗೌಹರ್ ಮಹಲು ಅವಳು ಕಟ್ಟಿಸಿದ್ದು. ಮಗಳು ಸಿಕಂದರ್ ಬೇಗಂ ಮೋತಿ ಮಸೀದಿ ಕಟ್ಟಿಸಿದಳು. ಮೊಮ್ಮಗಳು ಶಾಹಜಹಾನ್ ಬೇಗಂ ತಾಜ್-ಉಲ್-ಮಸಾಜಿದ್ ಎಂಬ ಭಾರಿ ಮಸೀದಿಗೆ ಕೈಹಾಕಿದಳು. ಹಣ ಸಾಲದೆ ಅರ್ಧಕ್ಕೆ ನಿಂತ ಆ ಕೆಲಸ 1971ರಲ್ಲಿ ಮತ್ತೆ ಶುರುವಾಗಿ 1985ರಲ್ಲಿ ಮುಗಿಯಿತು. ಮರಿಮಗಳು ಸುಲ್ತಾನ್ ಜಹಾನ್ ಬೇಗಂ 1920ರಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದಳು. ಓದುವ ಹೆಣ್ಣುಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕತೆ ಬೇಕೇ? ಮಸೀದಿಗೆ ಪ್ರಾರ್ಥನೆಯ ಹೊತ್ತು ಬಿಟ್ಟು ಹೋಗಬೇಕು. ಮೈತುಂಬ ಬಟ್ಟೆ ಇರಲಿ. ಚೌಕ್ ಬಜಾರಿನಲ್ಲಿ ಮಣಿ, ಜರಿ ಹೊಲಿದ ‘ಬಟುವಾ’ ಎಂಬ ಪುಟ್ಟ ಚೀಲಗಳು ಸಿಗುತ್ತವೆ. ಚೌಕಾಸಿ ಮಾಡಿ ಕೊಂಡರೆ ಮನೆಗೆ ಒಯ್ಯಲು ಹಗುರವಾದ ಉಡುಗೊರೆ.

ಊರಾಚೆ ಒಂದು ದಿನ

ಸಾಂಚಿ ಭೋಪಾಲದಿಂದ ಸುಮಾರು 46 ಕಿ.ಮೀ. ರೈಲು, ಬಸ್ಸು ಎರಡೂ ಇವೆ. ಪಠ್ಯಪುಸ್ತಕದ ಚಿತ್ರದಲ್ಲಿ ಅಂಗೈಯಷ್ಟಿರುವ ಸ್ತೂಪ ಕಣ್ಣೆದುರು ಗುಡ್ಡದಂತೆ ನಿಂತಾಗ ಮಕ್ಕಳು ಬೆರಗಾಗುತ್ತಾರೆ. ದಕ್ಷಿಣದ ತೋರಣದ ಮೇಲಿನ ಕೆತ್ತನೆಯೊಂದು ವಿದಿಶೆಯ ದಂತದ ಕೆಲಸಗಾರರದ್ದೆಂದು ಅಲ್ಲಿನ ಶಾಸನವೇ ಹೇಳುತ್ತದೆ. ಶಾತವಾಹನ ದೊರೆ ಶಾತಕರ್ಣಿಯ ಹೆಸರೂ ಅದೇ ತೋರಣದಲ್ಲಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ ಎಂಬುದನ್ನು ಪೋಷಕರು ನೆನಪಿಡಬೇಕು.

ತೆಂಕಣಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ ಭೀಮ್‌ಬೇಟ್ಕಾ. 1957ರಲ್ಲಿ ರೈಲಿನಲ್ಲಿ ಹೋಗುತ್ತಿದ್ದ ಪುರಾತತ್ವಜ್ಞ ವಿ.ಎಸ್. ವಾಕಣ್‌ಕರ್ ಕಿಟಕಿಯಿಂದ ಕಂಡ ಬಂಡೆಗಳ ಆಕಾರಕ್ಕೆ ಮನಸೋತು, ಹುಡುಕಿಕೊಂಡು ಹೋಗಿ ಬಯಲಿಗೆ ತಂದ ಗುಹೆಚಿತ್ರಗಳಿವು. ಬಸ್ಸಿನವರು ಹೆದ್ದಾರಿಯಲ್ಲಿ ಇಳಿಸುತ್ತಾರೆ. ಅಲ್ಲಿಂದ ನಡಿಗೆ ಅಥವಾ ಆಟೋ. ನಾಲ್ಕೈದು ಜನ ಸೇರಿ ಜೀಪು ಮಾಡಿಕೊಂಡರೆ ಭೋಜಪುರದ ಅಪೂರ್ಣ ಶಿವಾಲಯವೂ ಆಗುತ್ತದೆ. ಗುಡಿಯ ಸುತ್ತಲಿನ ಬಂಡೆಗಳ ಮೇಲೆ ಅಂದಿನ ಶಿಲ್ಪಿಗಳು ಗೀರಿದ ಕಟ್ಟಡದ ನಕ್ಷೆಗಳು ಇನ್ನೂ ಕಾಣುತ್ತವೆ.

ತೋರಿಸಬೇಕೇ, ಬೇಡವೇ?

ಇಷ್ಟೆಲ್ಲ ನೋಡಿದ ಮೇಲೂ ಒಂದು ಪ್ರಶ್ನೆ ಪೋಷಕರ ಮನಸ್ಸಿನಲ್ಲಿ ಉಳಿಯುತ್ತದೆ. ಭೋಪಾಲವೆಂದರೆ ಹಿರಿಯರಿಗೆ ನೆನಪಾಗುವುದು ಕೆರೆಯಲ್ಲ. 1984ರ ಡಿಸೆಂಬರ್ 2ರ ನಡುರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ವಿಷಾನಿಲ ಸೋರಿ, ಮಲಗಿದ್ದ ಊರಿನ ಮೇಲೆ ಹರಡಿತು. ಸಾವಿರಾರು ಜನ ಸತ್ತರು. ಬದುಕುಳಿದು ನರಳಿದವರು ಸರ್ಕಾರದ ಲೆಕ್ಕದಲ್ಲೇ 5 ಲಕ್ಷಕ್ಕೂ ಹೆಚ್ಚು. ವೇಟಿಂಗ್ ರೂಮಿನಲ್ಲಿ ಬೆಳಗು ಮಾಡಿದ ಆ ನಿಲ್ದಾಣಕ್ಕೂ ಅನಿಲ ನುಗ್ಗಿತ್ತು. ಅಂದು ಪಾಳಿಯಲ್ಲಿದ್ದ ಉಪ ಸ್ಟೇಷನ್ ಸೂಪರಿಂಟೆಂಡೆಂಟ್ ಗುಲಾಂ ದಸ್ತಗೀರ್, ಮೇಲಿನವರ ಅಪ್ಪಣೆಗೆ ಕಾಯದೆ, ಜನ ತುಂಬಿದ್ದ ಗೋರಖಪುರದ ರೈಲನ್ನು ಹೊತ್ತಿಗೆ ಮುನ್ನವೇ ಹೊರಡಿಸಿ ಎಷ್ಟೋ ಜೀವ ಉಳಿಸಿದರು.

ರಜೆಯಲ್ಲಿ ನಲಿಯಲು ಬಂದ ಮಕ್ಕಳನ್ನು ಆ ಕಾರ್ಖಾನೆಯ ಗೋಡೆಯ ಬಳಿಗೆ ಕರೆದೊಯ್ಯಬೇಕೇ? ತೀರಾ ಚಿಕ್ಕವರಿಗೆ ಬೇಡ. ಹೈಸ್ಕೂಲು ಮುಟ್ಟಿದವರಿಗೆ ಖಂಡಿತ ಬೇಕು. ಗೋಡೆಯೆದುರು ಒಂದು ಪ್ರತಿಮೆಯಿದೆ: ಮುಖ ಮುಚ್ಚಿಕೊಂಡ ತಾಯಿ, ತೋಳಲ್ಲಿ ಕೂಸು, ಸೆರಗು ಹಿಡಿದ ಇನ್ನೊಂದು ಮಗು. ನೆದರ್‌ಲೆಂಡ್ಸ್‌ನ ಶಿಲ್ಪಿ ರೂತ್ ವಾಟರ್‌ಮನ್ 1985ರಲ್ಲಿ ಮಾಡಿದ್ದು. ಟಿಕೆಟ್ ಇಲ್ಲ, ಕಾವಲುಗಾರನಿಲ್ಲ, ಹತ್ತು ನಿಮಿಷ ಸಾಕು. ಆ ರಾತ್ರಿ ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿ ಹಿಡಿದಿದ್ದರೆ ಅನೇಕರಿಗೆ ಉಪಕಾರವಾಗುತ್ತಿತ್ತು. ಎರಡು ಕೆರೆಗಳಿರುವ ಊರಿನಲ್ಲಿ ನೀರಿಗೆ ಬರವಿರಲಿಲ್ಲ, ಹೇಳುವವರಿರಲಿಲ್ಲ. ಕಾರ್ಖಾನೆಯ ಸುತ್ತಲಿನ ಬಡಾವಣೆಗಳ ಅಂತರ್ಜಲವೂ ಕೆಟ್ಟಿತು. ಅಲ್ಲಿನವರಿಗೆ ಶುದ್ಧ ನೀರು ಕೊಡಿರೆಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಬೇಕಾಯಿತು. ಆವರಣದಲ್ಲಿ ಬಿದ್ದಿದ್ದ ಸುಮಾರು 337 ಟನ್ ವಿಷ ತ್ಯಾಜ್ಯವನ್ನು ಅಲ್ಲಿಂದ ಸಾಗಿಸಿದ್ದು 2025ರ ಜನವರಿಯಲ್ಲಿ, 40 ವರ್ಷ ಕಳೆದ ಮೇಲೆ. ರಸಾಯನಶಾಸ್ತ್ರದ ಪಾಠಕ್ಕೂ ಪೌರನೀತಿಯ ಪಾಠಕ್ಕೂ ಇಲ್ಲಿ ನಂಟು ಬೆಸೆಯುತ್ತದೆ.

ಅಲ್ಲಿಂದ ಮರಳಿದ ಸಂಜೆ ಮತ್ತೆ ಕೆರೆಯ ದಂಡೆಗೆ ಬಂದು ಕೂರುವುದು ಒಳ್ಳೆಯದು. ಮಕ್ಕಳು ಪ್ರಶ್ನೆ ಕೇಳುತ್ತಾರೆ. ಉತ್ತರ ಗೊತ್ತಿದ್ದಷ್ಟು ಹೇಳಬೇಕು. ಒಬ್ಬ ರಾಜ ಕಟ್ಟಿಸಿದ ನೀರನ್ನು ಊರು ಸಾವಿರ ವರ್ಷ ಕುಡಿಯುತ್ತಿದೆ, ಒಂದು ಕಾರ್ಖಾನೆ ಕೆಡಿಸಿದ ನೀರನ್ನು ಪಕ್ಕದ ಬಡಾವಣೆ ಕುಡಿಯಲಾಗುತ್ತಿಲ್ಲ. ಎರಡೂ ಒಂದೇ ಊರಿನ ಸಂಗತಿಗಳು.

ಅಕ್ಟೋಬರಿನಿಂದ ಮಾರ್ಚಿಯವರೆಗೆ ಹವೆ ಹಿತ. ಬೇಸಿಗೆಯ ಬಿಸಿಲು ಮಕ್ಕಳಿಗೆ ತಡೆಯದು. ನಾಲ್ಕು ದಿನ ಬಿಡುವಿದ್ದರೆ ಸಾಕು. ಗಟ್ಟಿ ಚಪ್ಪಲಿ, ನೀರಿನ ಬಾಟಲಿ, ಒಂದು ನೋಟುಪುಸ್ತಕ ಜೊತೆಗಿರಲಿ.